ಮಿಲ್ಲಿನ ಲೈನಿನ ಆರನೇ ಮನೆ

ಪಟ್ಟಿ ಬರೆದುಕೊಳ್ಳುವವರು ಬರುತ್ತಾರೆಂದು ಗೊತ್ತಿದ್ದ ದಿನವೇ ಜವರಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಜಗಲಿಯ ಮೇಲೆ ಕೂತ. ಇದ್ದದ್ದು ಅದೊಂದೇ ಒಳ್ಳೆಯ ಅಂಗಿ, ಅದನ್ನೂ ಮದುವೆ ತಿಥಿಗೆ ಬಿಟ್ಟರೆ ಪೆಟ್ಟಿಗೆಯಿಂದ ತೆಗೆಯುತ್ತಿರಲಿಲ್ಲ. ಗತಿಯಿಲ್ಲದವರು ಅಂತ ಬರೆಸಿಕೊಂಡು ಸೈಟು ತೆಗೆದುಕೊಳ್ಳಬೇಕಾದ ಮನುಷ್ಯ ಹೆಣ್ಣು ನೋಡಲು ಹೊರಟವನ ಹಾಗೆ ಕೂತದ್ದನ್ನು ಕಂಡು, ಒಳಗೆ ಮುದ್ದೆ ತೊಳಸುತ್ತಿದ್ದ ಹೆಂಡತಿ ಪುಟ್ಟತಾಯಮ್ಮನಿಗೆ ನಗುವೂ ಬಂತು, ಒಂದಿಷ್ಟು ಅಳುಕೂ ಆಯಿತು.

ಕೆ.ಆರ್. ಪೇಟೆಯ ಶೆಟ್ಟರ ಅಕ್ಕಿ ಮಿಲ್ಲು ನಿಂತು ಆಗಲೇ ಐದು ವರ್ಷವಾಗಿತ್ತು. ಶೆಟ್ಟರು ತೀರಿಕೊಂಡ ಮೇಲೆ ಮಕ್ಕಳು ಮೈಸೂರು ಸೇರಿಕೊಂಡರು. ತೊಂಬತ್ತಾರನೇ ಇಸವಿಯಲ್ಲಿ ಮಿಲ್ಲಿನ ಮೂರೂವರೆ ಎಕರೆಯನ್ನೂ ಲೇಔಟ್ ಮಾಡುವವರಿಗೆ ಮಾರಿಬಿಟ್ಟರು. ಬತ್ತ ಬೇಯಿಸುವ ತೊಟ್ಟಿ, ಬೇಯಿಸಿದ ಬತ್ತ ಒಣಗಿಸುವ ಗಾರೆಯ ಕಣ, ಗೋದಾಮು, ಎಲ್ಲ ಒಡೆದು ಸಮ ಮಾಡಿ ಸೈಟು ಹಂಚುವುದೆಂದು ತೀರ್ಮಾನವಾಯಿತು. ಹಿಂದುಗಡೆ ಗೋಡೆಗೆ ಒತ್ತಿಕೊಂಡು ಕೆಲಸಗಾರರ ಆರು ಲೈನು ಮನೆಗಳಿದ್ದವು. ಅವರನ್ನು ಎಬ್ಬಿಸಲು ಹೋದರೆ ಕೋರ್ಟು ಕಚೇರಿ ಅಂತ ವರ್ಷಗಟ್ಟಲೆ ಎಳೆಯುತ್ತದೆಂದು ಹೆದರಿದ ಲೇಔಟಿನವರು ಒಂದು ಮಾತಿಗೆ ಬಂದರು. ಬೇರೆಲ್ಲೂ ಮನೆ ಇಲ್ಲದವರಿಗೆ ಮೂಲೆಯಲ್ಲಿ ಇಪ್ಪತ್ತಕ್ಕೆ ಮೂವತ್ತಡಿಯ ಒಂದೊಂದು ಸೈಟು, ದುಡ್ಡಿಲ್ಲದೆ. ತಾವಾಗಿ ಮನೆ ಖಾಲಿ ಮಾಡಿದರೆ ಸಾಕು.

ಆರನೆಯದು ಜವರಯ್ಯನ ಮನೆ. ಅವನು ಇಪ್ಪತ್ತೆಂಟು ವರ್ಷ ಆ ಮಿಲ್ಲಿನ ಬಾಯ್ಲರಿಗೆ ಹೊಟ್ಟು ಹಾಕಿದವನು. ಪುಟ್ಟತಾಯಮ್ಮ ಅಷ್ಟೂ ವರ್ಷ ಕಣದಲ್ಲಿ ಬಿಸಿ ಬತ್ತದೊಳಗೆ ಕಾಲೆಳೆದು ಸಾಲು ಮಾಡಿ ಒಣಗಿಸಿದವಳು. ಮಗ ಚಿಕ್ಕಸ್ವಾಮಿ ಹುಟ್ಟಿದ್ದು, ಅವನ ಮದುವೆಯಾಗಿ ಸೊಸೆ ಜಯಶೀಲ ಬಂದದ್ದು, ಮೊಮ್ಮಗಳು ಅರ್ಪಿತ ಅಂಬೆಗಾಲಿಟ್ಟದ್ದು ಎಲ್ಲ ಆ ಎರಡು ಕೋಣೆಯಲ್ಲೇ.

ಫೈಲು ಹಿಡಿದುಕೊಂಡು ಬಂದವನು ಲೇಔಟಿನವರ ಕಡೆಯ ರಘುನಂದನ್ ಎಂಬ ಹುಡುಗ ಪ್ರಾಯದ ಮ್ಯಾನೇಜರು. ಮೃದು ಮಾತಿನವನು. ಐದನೇ ಮನೆಯ ಬಾಬಾಜಾನ್ ಮಿಲ್ಲಿನ ಲಾರಿ ಓಡಿಸುತ್ತಿದ್ದವನು, ಲುಂಗಿ ಎತ್ತಿ ಕಟ್ಟಿಕೊಂಡೇ ಬಾಗಿಲಿಗೆ ಬಂದು ಹೇಳಿದ.

“ನಮ್ದು ಊರೂ ಇಲ್ಲ, ಕೇರೀನೂ ಇಲ್ಲ ಸಾಬ್. ಲಾರಿ ಎಲ್ಲಿ ನಿಲ್ತದೋ ಅದೇ ಊರು. ಬರ್ಕೊಳ್ಳಿ.”

ರಘುನಂದನ್ ಬರೆದುಕೊಂಡು ಆರನೇ ಜಗಲಿಗೆ ಬಂದ.

“ಯಜಮಾನ್ರೆ, ಸ್ವಂತ ಊರು ಯಾವುದು?”

“ಬೂಕನಕೆರೆ ಕನಪ್ಪ.”

“ಅಲ್ಲೇನಾದ್ರೂ ಇದೆಯಾ?”

“ಏನಾದ್ರೂವಾ!” ಜವರಯ್ಯ ಎದೆ ಸೆಟೆಸಿ ಕೂತ. “ಮೂರಂಕಣದ ಮನೆ ಅದೆ. ಎರಡೆಕ್ರೆ ಹೊಲ ಅದೆ. ಗತಿಗೆಟ್ಟು ಬಂದಿಲ್ಲಿ ಬಿದ್ದೋರಲ್ಲ ನಾವು. ಊರಿಗೆ ಹೋದ್ರೆ ನಾಕು ಜನ ಎದ್ದು ನಿಲ್ತಾರೆ.”

ಪುಟ್ಟತಾಯಮ್ಮನ ಕೈ ಮುದ್ದೆಕೋಲಿನ ಮೇಲೆ ಹಾಗೇ ನಿಂತುಹೋಯಿತು. ಆ ಮನೆಯಲ್ಲಿ ಮೂವತ್ತು ವರ್ಷದಿಂದ ಇರುವವನು ಮೈದುನ ಕುಳ್ಳಯ್ಯ. ಹೆಂಚು ಹೊದಿಸಿದವನು, ಹೊಲ ಉತ್ತವನು ಅವನೇ. ಅಣ್ಣತಮ್ಮಂದಿರಿಗೆ ಭಾಗವಂತೂ ಆಗಿರಲಿಲ್ಲ, ನಿಜ. ಆದರೆ ಇವರಿಗೆ ಅಲ್ಲಿಂದ ಬರುತ್ತಿದ್ದದ್ದು ವರ್ಷಕ್ಕೊಂದು ಮೂಟೆ ರಾಗಿ ಮಾತ್ರ. ಅಲ್ಲೇನೂ ಇಲ್ಲ ಕನಪ್ಪ ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಮೂರನೆಯವರ ಮುಂದೆ ಗಂಡನ ಮಾತನ್ನು ಸುಳ್ಳು ಮಾಡುವುದು ಹೇಗೆ? ಅವಳು ಬಾಯಿ ಮುಚ್ಚಿಕೊಂಡು ಮುದ್ದೆ ತೊಳಸಿದಳು. ರಘುನಂದನ್ ಅದೇನೋ ಬರೆದು ಅಡಿಗೆರೆ ಎಳೆದುಕೊಂಡು ಹೋದ.

“ಅದ್ಯಾಕಯ್ಯ ಅಂಗಂದೆ?” ಅಂತ ಆಮೇಲೆ ಕೇಳಿದಳು.

“ಮತ್ತೇನು, ಅಪ್ಪಂಗೆ ಮನೆ ಇರ್ನಿಲ್ಲ, ಊರಿರ್ನಿಲ್ಲ ಅಂತ ಬರಸ್ಲಾ? ನೀನು ಮುದ್ದೆ ಇಕ್ಕು.”

ಗೌರಿಹಬ್ಬ ಕಳೆದ ವಾರ ಮಿಲ್ಲಿನ ಗೇಟಿಗೆ ಪಟ್ಟಿ ಅಂಟಿಸಿದರು. ಐದು ಹೆಸರಿತ್ತು. ಚಿಕ್ಕಸ್ವಾಮಿ ಪೇಟೆಯಲ್ಲಿ ಪಂಪುಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಸಂಜೆ ಅದನ್ನು ಓದಿ ಮನೆಗೆ ಬಂದವನು ಕೈಕಾಲು ಕೂಡ ತೊಳೆಯಲಿಲ್ಲ.

“ಯಾರಪ್ಪಾ ಯೋಳಿದ್ದು ನಮಗೆ ಊರಲ್ಲಿ ಮನೆ ಅದೆ ಅಂತ?”

ಜವರಯ್ಯ ತಟ್ಟೆಯ ಮುಂದೆ ಕೂತಿದ್ದ. ಉಪ್ಸಾರಿನ ಬಿಸಿ ಇನ್ನೂ ಆರಿರಲಿಲ್ಲ.

“ನಾನೇ ಯೋಳ್ದೆ. ಇರೋದ್ನ ಯೋಳಿದ್ರೆ ತಪ್ಪಾ?”

“ಎಲ್ಲಿ ಅದೆ ಇರೋದು? ಚಿಕ್ಕಪ್ಪ ಒಂದಿನ ಬಂದು ಮಲಿಕ್ಕೊ ಅಂದವ್ನಾ? ಪಕ್ಕದ್ಮನೇರಿಗೆ ಸೈಟು ಬಂತು. ಕುಡ್ಕೊಂಡು ಬಿದ್ದಿರ್ತಿದ್ದ ಮೂರನೇ ಮನೆಯೋನಿಗೂ ಬಂತು. ನಮಗೆ ನಿನ್ನ ಮೂರಂಕಣ!”

“ಲೇ, ತಟ್ಟೆ ಮುಂದೆ ಕೂತಿದೀನಿ ಕಣ್ಲಾ.”

“ಕೂತ್ಕೊ. ಇನ್ನೆಷ್ಟು ದಿನ ಇಲ್ಲಿ ಕೂತ್ಕೊಂಡು ಉಣ್ತೀಯೋ ನೋಡ್ತೀನಿ.”

ಜವರಯ್ಯ ಮುದ್ದೆಯನ್ನು ಹಾಗೇ ಬಿಟ್ಟು ಕೈ ತೊಳೆದುಕೊಂಡ. ಸೊಸೆ ಜಯಶೀಲ ಯಾವತ್ತೂ ಮಾವನೆದುರು ನಿಂತು ಮಾತಾಡಿದವಳಲ್ಲ. ಅವತ್ತು ಒಲೆಯ ಕಡೆ ಮುಖ ಮಾಡಿಕೊಂಡೇ ಅಂದಳು. “ನಮ್ದು ಅಂತ ಒಂದು ಬಚ್ಚಲಾಯ್ತದೆ ಅಂದ್ಕೊಂಡಿದ್ದೆ ಅತ್ತೆ. ಕತ್ಲಲ್ಲೇ ಎದ್ದು ನೀರು ಉಯ್ಕೊಳ್ಳೋದು ತಪ್ಪುತ್ತೆ ಅಂದ್ಕೊಂಡಿದ್ದೆ.” ತಪ್ಪು ಜವರಯ್ಯನದು ಅಂತ ಎಲ್ಲರೂ ಅನ್ನುತ್ತಿದ್ದರು. ಅವತ್ತು ಬಾಯಿಬಿಡದ ತನ್ನದೂ ಅದರಲ್ಲಿ ಪಾಲಿದೆ ಎಂಬುದು ಪುಟ್ಟತಾಯಮ್ಮನೊಬ್ಬಳಿಗೇ ಗೊತ್ತಿತ್ತು.

ಮಾರನೆಯ ದಿನ ತಾಯಿ ಮಗ ಇಬ್ಬರೂ ಲೇಔಟಿನ ಆಫೀಸಿಗೆ ಹೋದರು. ಆಫೀಸು ಅಂದರೆ ಹಳೆಯ ತೂಕದ ಕೋಣೆ, ಒಂದು ಮೇಜು, ಎರಡು ಕುರ್ಚಿ. ರಘುನಂದನ್ ಅವರನ್ನು ಕೂರಿಸಿಯೇ ಮಾತಾಡಿದ.

“ಅಮ್ಮ, ನಾನೇನು ಮಾಡ್ಲಿ? ಯಜಮಾನ್ರು ಹೇಳಿದ್ದು ಬರ್ಕೊಂಡೆ. ಪಹಣಿಲೂ ಅಣ್ಣತಮ್ಮ ಇಬ್ಬರ ಹೆಸರಿದೆ. ಯಜಮಾನ್ರಿಗೆ ಅಲ್ಲಿ ಹಕ್ಕಿಲ್ಲ ಅಂತ ರಿಜಿಸ್ಟರ್ ಆದ ಕಾಗದ ತನ್ನಿ, ಸೇರಿಸ್ತೀನಿ. ಅಕ್ಟೋಬರ್ ಹತ್ತನೇ ತಾರೀಖಿಗೆ ಪಟ್ಟಿ ಕ್ಲೋಸು.”

ಇನ್ನೂ ಮೂರು ವಾರವಿತ್ತು. ತಮ್ಮ ಕುಳ್ಳಯ್ಯನ ಹೆಸರಿಗೆ ಹಕ್ಕು ಬಿಟ್ಟುಕೊಟ್ಟು ಒಂದು ಹೆಬ್ಬೆಟ್ಟು ಒತ್ತಿದರೆ ಮುಗಿಯುವ ಕೆಲಸ. ಜವರಯ್ಯ ಜಗ್ಗಲಿಲ್ಲ. ಹತ್ತು ದಿನ ಆ ಮನೆಯಲ್ಲಿ ಒಂದು ತುತ್ತೂ ನೆಮ್ಮದಿಯಾಗಿ ಯಾರ ಗಂಟಲಲ್ಲೂ ಇಳಿಯಲಿಲ್ಲ. ಬೆಳಿಗ್ಗೆ ರೊಟ್ಟಿ ತಟ್ಟುವಾಗ ಶುರುವಾದ ಜಗಳ ರಾತ್ರಿ ಪಾತ್ರೆ ತೊಳೆಯುವವರೆಗೂ ಇರುತ್ತಿತ್ತು. ಮಗ ಅಪ್ಪನ ಜೊತೆ ಮಾತು ಬಿಟ್ಟ. ಹೇಳಬೇಕಾದ್ದನ್ನು ಐದು ವರ್ಷದ ಅರ್ಪಿತಳಿಗೆ ಹೇಳುತ್ತಿದ್ದ. “ನಿಮ್ಮ ತಾತಂಗೆ ಯೋಳು, ಒಲೇಗೆ ಸೌದೆ ಇಲ್ಲ, ಬೂಕನಕೆರೆ ಜಮೀನ್ದಾರ್ರು ಒಂದು ಮರ ಕಡ್ಸಿ ಕಳಿಸ್ಲಿ ಅಂತ.” ಮಗು ಓಡಿಹೋಗಿ ಹಾಗೇ ಒಪ್ಪಿಸುತ್ತಿತ್ತು. ಜವರಯ್ಯ ಮೊಮ್ಮಗಳ ತಲೆ ಸವರಿ ಕಳಿಸುತ್ತಿದ್ದ.

ಕೊನೆಗೆ ಪುಟ್ಟತಾಯಮ್ಮನೇ ಒಂದು ಮಧ್ಯಾಹ್ನ ಅವನ ಮುಂದೆ ಕೂತಳು.

“ನಾನು ನಿನ್ನ ಕಟ್ಕೊಂಡು ಬಂದಾಗಿಂದ ಒಂದಿನ ನಿನ್ನ ಮಾತು ಮೀರಿಲ್ಲ. ಈಗ ಕೇಳ್ತೀನಿ ಯೋಳು. ಆ ಮನೇಲಿ ನಿಂದು ಅಂತ ಒಂದು ಲೋಟ ಅದೆಯಾ?”

“ನಮ್ಮಪ್ಪ ಸತ್ತಿದ್ದು ಅಲ್ಲಿ ಕಣೆ.”

“ನಿನ್ನ ಮೊಮ್ಮಗಳು ಬದುಕ್ಬೇಕಾಗಿರೋದು ಇಲ್ಲಿ.”

“ಬರಕೊಟ್ಬುಟ್ರೆ ನಾನು ಯಾವೂರೋನು ಅಂತ ಯೋಳ್ಕೊಳ್ಳಿ?”

“ಯಾವೂರೂ ಬ್ಯಾಡ. ಸೈಟ್ ನಂಬ್ರು ಯೋಳ್ಕೊ.”

ಅವಳು ಅಷ್ಟು ಕಟುವಾಗಿ ಆಡಿದ್ದು ಅದೇ ಮೊದಲು. ಜವರಯ್ಯ ಎದ್ದು ಅದೇ ಬಿಳಿ ಅಂಗಿ ತೊಟ್ಟು, “ನಡಿ, ಬಸ್ಸಿಗೆ ಹೊತ್ತಾಯ್ತು” ಅಂದ.

ಬೂಕನಕೆರೆಯಲ್ಲಿ ಕುಳ್ಳಯ್ಯ ಹಾಲು ಕರೆದು ಡೈರಿಗೆ ಹೊರಟಿದ್ದ. ಅಣ್ಣನ ಮಾತು ಕೇಳಿ ಕ್ಯಾನನ್ನು ಕೆಳಗಿಟ್ಟ. ಅವನ ಮುಖದಲ್ಲಿ ಬಂದ ಬೆಳಕನ್ನು ಮುಚ್ಚಿಡಲು ಪಾಪ ಎಷ್ಟು ಹೆಣಗಿದರೂ ಆಗಲಿಲ್ಲ.

“ನಿನ್ನಿಷ್ಟ ಅಣ್ಣಯ್ಯ. ನಾನಂತೂ ಕೇಳ್ದೋನಲ್ಲ. ನಾಳೆ ಬೆಳಿಗ್ಗೇನೇ ಬತ್ತೀನಿ ಪ್ಯಾಟೆಗೆ, ರಿಜಿಸ್ಟರ್ ಮಾಡ್ಸುಮ.”

ಎಲ್ಲ ಸಲೀಸಾಯಿತು ಅಂತ ಪುಟ್ಟತಾಯಮ್ಮ ಉಸಿರು ಬಿಡುವಷ್ಟರಲ್ಲಿ ಜವರಯ್ಯ ಬಾಯಿ ತೆಗೆದ.

“ನಾಳೆ ಆಗಕಿಲ್ಲ. ನಾಳೆಯಿಂದ ಪಿತೃಪಕ್ಷ.”

“ಆದ್ರೇನಯ್ಯ?” ಅಂದಳು ಅವಳು.

“ಆದ್ರೇನಾ? ಹಿರೀಕ್ರು ಎಡೆಗೆ ಮನೆ ಬಾಗ್ಲಿಗೆ ಬರೋ ಹದಿನೈದು ದಿನ. ಆ ಹೊತ್ನಲ್ಲೇ ನಿಮ್ಮ ಮನೆ ನಂಗೆ ಬ್ಯಾಡ ಅಂತ ಬರಕೊಡ್ಲಾ? ಅಮಾವಾಸ್ಯೆಗೆ ಕಡೇ ಸಲ ಎಡೆ ಇಕ್ಕುಬುಟ್ಟು, ಅಪ್ಪನ ತಾವ ತಪ್ಪಾಯ್ತು ಅಂದು, ಆಮೇಕೆ ಎಬ್ಬೆಟ್ಟು ಒತ್ತೀನಿ.”

ಕುಳ್ಳಯ್ಯನೂ ಹೌದೆಂದು ತಲೆಯಾಡಿಸಿದ. ಅವನ ಹೆಂಡತಿ ಮಾಯಮ್ಮ, “ಬಾವ ಯೋಳೋದು ಸರಿ ಕಣಕ್ಕ, ಪಕ್ಷದಲ್ಲಿ ಯಾರೂ ಆಸ್ತಿ ಮುಟ್ಟಕಿಲ್ಲ” ಅಂದಳು. ಪುಟ್ಟತಾಯಮ್ಮ ಬೆರಳು ಮಡಿಸಿ ಎಣಿಸಿದಳು. ಅಮಾವಾಸ್ಯೆ ಹನ್ನೆರಡನೇ ತಾರೀಖಿಗೆ ಬೀಳುತ್ತಿತ್ತು. ವಾದ ಮಾಡಲು ಹೊರಟವಳಿಗೆ ಪಕ್ಕದಲ್ಲಿ ಗೋಡೆಗೆ ಒರಗಿಸಿದ್ದ ಮಾವನ ಪಟ ಕಂಡು ನಾಲಿಗೆ ಏಳಲಿಲ್ಲ. ಅವಳೂ ಆ ಮನೆಗೆ ಅಕ್ಕಿ ಸೇರು ಒದ್ದು ಬಂದ ಸೊಸೆಯೇ.

ಚಿಕ್ಕಸ್ವಾಮಿ ಹಣೆ ಚಚ್ಚಿಕೊಂಡ. ಆಫೀಸಿಗೆ ಓಡಿಹೋಗಿ ಕೈಮುಗಿದ. “ಎರಡು ಮೂರು ದಿನ ಆಚೀಚೆ ಆದರೆ ನೋಡೋಣ, ಮೊದಲು ಕಾಗದ ತನ್ನಿ” ಅಂತ ರಘುನಂದನ್ ಹೇಳಿ ಕಳಿಸಿದ. ಅಷ್ಟು ಮಾತು ಸಾಕಾಯಿತು. ಆ ಹದಿನೈದು ದಿನ ಮನೆಯಲ್ಲಿ ಮತ್ತೆ ನಗು ಕೇಳಿಸಿತು. ಜಯಶೀಲ ಬಚ್ಚಲು ಎಲ್ಲಿ ಬರಬೇಕೆಂದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದು ತೋರಿಸಿದಳು. ಪಕ್ಕದ ಮನೆಯ ಕಮರುನ್ನೀಸಾ, ಬಾಬಾಜಾನನ ಹೆಂಡತಿ, ಬಂದು ನೋಡಿ, “ನಿಮ್ದು ನಮ್ದು ಗೋಡೆ ಒಂದೇ ಇರ್ಲಿ ಅಕ್ಕ. ಸಾರು ಕೊಡೋಕೆ ಒಂದು ಕಿಟಕಿ ಮಾಡ್ಸೋಣ” ಅಂದಳು. ಅವತ್ತು ಸಂಜೆ ಅಪ್ಪ ಮಗ ಇಬ್ಬರೂ ಎದುರಾಬದುರು ಕೂತು ಅವರೆಕಾಳು ಸಾರಲ್ಲಿ ಉಂಡರು.

ಅಮಾವಾಸ್ಯೆಗೆ ಎಡೆಯಾಯಿತು. ಹದಿನಾಲ್ಕನೇ ತಾರೀಖು ಪೇಟೆಯಲ್ಲಿ ಜವರಯ್ಯ ಹೆಬ್ಬೆಟ್ಟು ಒತ್ತಿದ. ಮಸಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟರೂ ತೆಗೆದುಕೊಳ್ಳದೆ ಬೆರಳನ್ನು ಹಾಗೇ ಹಿಡಿದುಕೊಂಡಿದ್ದ. ಬರಿಹೊಟ್ಟೆಯಲ್ಲಿ ಕಳಿಸಬಾರದು ಅಂತ ಕುಳ್ಳಯ್ಯ ಅಣ್ಣ ಅತ್ತಿಗೆ ಇಬ್ಬರನ್ನೂ ಊರಿಗೆ ಕರೆದುಕೊಂಡು ಹೋದ.

ಯಾವಾಗ ಹೋದರೂ ಜವರಯ್ಯ ಸೀದಾ ಒಲೆಯ ಪಕ್ಕ ಹೋಗಿ ಕುಕ್ಕರುಗಾಲಲ್ಲಿ ಕೂತು ಉಣ್ಣುವುದು ರೂಢಿ. ಅವತ್ತು ಮಾಯಮ್ಮ ನಡುಮನೆಯಲ್ಲಿ ಹೊಸ ಚಾಪೆ ಹಾಸಿದಳು. ಬಾಳೆಲೆ ಹಾಕಿದಳು. ಶ್ಯಾವಿಗೆ ಪಾಯಸ ಬಡಿಸಿ, “ನಾಚ್ಕೋಬ್ಯಾಡಿ ಬಾವ, ಇನ್ನೊಂಚೂರು ಆಕುಸ್ಕೊಳ್ಳಿ” ಅಂದಳು. ಹೊರಡುವಾಗ ಪುಟ್ಟತಾಯಮ್ಮನಿಗೆ ಕುಂಕುಮ ಕೊಟ್ಟು, ಎಲೆ ಅಡಿಕೆ ರವಿಕೆಕಣ ಮಡಿಲಿಗೆ ಹಾಕಿ, “ಬತ್ತಾ ಇರಕ್ಕ, ಮರೀಬ್ಯಾಡ” ಅಂದಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ನೆಂಟರಿಗೆ ಎಲ್ಲರೂ ಮಾಡುವುದೇ ಹಾಗೆ. ಬಸ್ಸಿನಲ್ಲಿ ಜವರಯ್ಯ ಒಂದೇ ಒಂದು ಮಾತಾಡಿದ.

“ಚಾಪೆ ಹಾಸಿದ್ಳು ನೋಡ್ದಾ?”

“ನೋಡ್ದೆ ಬುಡು,” ಅಂದಳು ಪುಟ್ಟತಾಯಮ್ಮ.

ದಸರಾ ರಜೆ ಮುಗಿದ ಮೇಲೆ ನೋಂದಣಿಯಾದ ಕಾಗದ ಕೈಗೆ ಬಂತು. ಚಿಕ್ಕಸ್ವಾಮಿ ಅದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡು, ಅಪ್ಪ ಅವ್ವ ಇಬ್ಬರನ್ನೂ ಜೊತೆಗೆ ಕರೆದುಕೊಂಡು ಆಫೀಸಿಗೆ ಹೋದ. ರಘುನಂದನ್ ಮೊದಲ ಹಾಳೆ ಓದಿದ, ಎರಡನೇ ಹಾಳೆ ಓದಿದ, ಮತ್ತೆ ಮೊದಲನೆಯದಕ್ಕೆ ಬಂದ. ಅವನ ಮುಖ ಸಣ್ಣದಾಯಿತು.

“ಯಜಮಾನ್ರೆ, ಪಟ್ಟಿ ಕ್ಲೋಸ್ ಆಗಿದ್ದು ಹತ್ತನೇ ತಾರೀಖು. ಅವತ್ತಿಗೆ ಎಲ್ಲೂ ಮನೆ ಇಲ್ಲದೋರು ಅಂತ ಷರತ್ತು. ಇದ್ರಲ್ಲಿ ನೋಡಿ ಏನಂತ ಬರೆಸಿದ್ದೀರಿ. ‘ಈ ದಿನದವರೆಗೆ ನನಗೂ ಸಮಾನ ಹಕ್ಕಿದ್ದ ಮನೆ ಮತ್ತು ಜಮೀನು’ ಅಂತ. ದಿನ ಹದಿನಾಲ್ಕು.”

“ಅಂಗಂದ್ರೆ?” ಅಂದ ಚಿಕ್ಕಸ್ವಾಮಿ.

“ಕಾಗದ ಲೇಟಾಗಿ ಬಂದಿದ್ರೆ ಹೇಗೋ ಒಪ್ಪಿಸ್ತಿದ್ದೆ. ಆದ್ರೆ ಹತ್ತನೇ ತಾರೀಖಿಗೆ ಇವರಿಗೆ ಮನೆ ಇತ್ತು ಅಂತ ಈ ಕಾಗದಾನೇ ಹೇಳ್ತಿದೆ. ಇದನ್ನ ಮೈಸೂರಿಗೆ ಕಳಿಸಿದ್ರೆ ನನ್ನನ್ನ ಕೇಳ್ತಾರೆ. ಹತ್ತನೇ ತಾರೀಖಿಗೆ ಮುಂಚೆ ಒಂದು ದಿನ, ಒಂದೇ ದಿನ, ಮಾಡಿಸಿದ್ರೆ ಆಗೋದು.”

“ಈಗ ಇಲ್ವಲ್ಲಪ್ಪ!” ಪುಟ್ಟತಾಯಮ್ಮ ಮೇಜು ಹಿಡಿದುಕೊಂಡು ಕೂಗಿಯೇಬಿಟ್ಟಳು. “ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಈಗ ನೋಡ್ಕೊ, ಏನೂ ಇಲ್ಲ ನಮಗೆ. ಈಗ ಬರ್ಕೊ.”

ಮೊದಲ ದಿನ ಆಡಬೇಕಾಗಿದ್ದ ಮಾತು ಅವತ್ತು ಬಂತು. ರಘುನಂದನ್ ಕಾಗದವನ್ನು ಮಡಿಸಿ ಎರಡೂ ಕೈಯಲ್ಲಿ ಹಿಂದಕ್ಕೆ ಕೊಟ್ಟ. ಮನೆ ಖಾಲಿ ಮಾಡಲು ತಿಂಗಳ ಕೊನೆಯವರೆಗೆ ಹೊತ್ತು ಕೊಡಿಸುತ್ತೇನೆ, ನನ್ನಿಂದ ಆಗುವುದು ಅಷ್ಟೇ ಅಂದ. ಅಷ್ಟನ್ನು ಅವನು ಮಾಡಿದ ಕೂಡ.

ಆ ತಿಂಗಳ ಕೊನೆಗೆ ಜಯಶೀಲಳ ಅಣ್ಣ ಪಾಂಡವಪುರದಿಂದ ಟೆಂಪೋ ತಂದ. ತನ್ನ ಮನೆಯ ಹಿಂದೆ ಒಂದು ಕೋಣೆ ಇದೆ, ಭಾವನಿಗೆ ಅಲ್ಲೇ ಮೋಟಾರಂಗಡಿಯಲ್ಲಿ ಕೆಲಸ ಹೇಳಿದ್ದೇನೆ ಅಂದ. ಚಿಕ್ಕಸ್ವಾಮಿ ಮಂಚ, ಪಾತ್ರೆ, ಮಗಳ ಸ್ಲೇಟು ಎಲ್ಲ ಏರಿಸಿ ಅವ್ವನ ಹತ್ತಿರ ಬಂದ.

“ನಿಮ್ಮಿಬ್ಬರನ್ನೂ ಎಂಗೆ ಕರಕೊಂಡೋಗ್ಲಿ ಅವ್ವ? ನಾನೇ ಅಲ್ಲಿ ಇನ್ನೊಬ್ಬರ ಜಗಲಿ ಮ್ಯಾಲಿರೋನು.”

“ನಾನು ಕೇಳಿದ್ನಾ? ಮಗೀನ ಇಸ್ಕೂಲಿಗೆ ಸೇರ್ಸು ಮೊದ್ಲು.”

“ಅಪ್ಪಂಗೆ ಯೋಳು, ಹೊರಟೆ ಅಂತ.”

“ಅಲ್ಲೇ ಕೂತವ್ನಲ್ಲ, ನೀನೇ ಯೋಳು.”

ಅವನು ಹೇಳಲಿಲ್ಲ. ಜವರಯ್ಯನೂ ತಲೆಯೆತ್ತಲಿಲ್ಲ. ಜಯಶೀಲ ಮಾತ್ರ ಇಬ್ಬರ ಕಾಲೂ ಮುಟ್ಟಿ ಕಣ್ಣೊರೆಸಿಕೊಳ್ಳುತ್ತ ಹೋಗಿ ಟೆಂಪೋ ಹತ್ತಿದಳು. ಪುಟ್ಟತಾಯಮ್ಮನಿಗೆ ಅಳುತ್ತ ಕೂರಲು ಪುರುಸೊತ್ತಿರಲಿಲ್ಲ. ಉಳಿದ ಸಾಮಾನನ್ನು ಇಬ್ಬರೂ ತಲೆಯ ಮೇಲೆ ಹೊತ್ತು ಸಂತೆಮಾಳದ ಪಕ್ಕ ಬಾಡಿಗೆಗೆ ಹಿಡಿದ ಶೀಟಿನ ಕೋಣೆಗೆ ಸಾಗಿಸಿದರು. ಜವರಯ್ಯ ಅಲ್ಲಿ ಮೂಲೆ ಹಿಡಿದವನು ಹೊರಗೆ ಬರುವುದನ್ನೇ ಬಿಟ್ಟ. ಸುಗ್ಗಿ ಮುಗಿದರೂ ಬೂಕನಕೆರೆಯಿಂದ ರಾಗಿ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಸೈಟಿನಲ್ಲಿ ಮೊದಲು ಮನೆ ಎಬ್ಬಿಸಿದವರು ಬಾಬಾಜಾನನವರು. ಲೈನು ಮನೆಗಳನ್ನು ಕೆಡವಿ ಬಂದ ಹಳೆ ಇಟ್ಟಿಗೆಯನ್ನು ಲೇಔಟಿನವರು ಅಗ್ಗಕ್ಕೆ ಕೊಟ್ಟರು. ಅಂಟಿದ ಮಣ್ಣನ್ನು ಮಚ್ಚಿನ ಬೆನ್ನಿಂದ ಕೆರೆದು ಇಟ್ಟಿಗೆ ಬಿಡಿಸಿಕೊಡಲು ಹೆಣ್ಣಾಳು ಬೇಕಾಗಿತ್ತು. ಅದನ್ನು ಕೇಳಿಕೊಂಡು ಪುಟ್ಟತಾಯಮ್ಮ ತಾನೇ ಬಂದಳು. ಕಮರುನ್ನೀಸಾಗೆ ಅವಳ ಮುಖ ನೋಡಲಾಗಲಿಲ್ಲ.

“ಯಾ ಅಲ್ಲಾ, ನೀನ್ಯಾಕಕ್ಕ ಈ ಕೆಲ್ಸಕ್ಕೆ? ಬೇಡ. ದಿನಾ ಬಂದು ನಮ್ಮ ಜೊತೆ ಊಟ ಮಾಡು, ಸಾಕು.”

“ಉಣ್ಣಕ್ಕೆ ಕರೀಬ್ಯಾಡ ಕಮರವ್ವ. ಕೂಲಿ ಕೊಡು.”

ಗಾರೆ ಕೆಲಸದ ಚಿಕ್ಕಯ್ಯ ಪಾಯದ ಗುಂಡಿಯೊಳಗಿಂದ ಕೂಗಿ ಹೇಳಿದ. “ಅಮ್ಮೋ, ಒಳ್ಳೇವು ಒಂದ್ಕಡೆ ಹಾಕು, ಮಸಿ ಹಿಡಿದವು ಒಂದ್ಕಡೆ ಹಾಕು. ಮಸೀವು ಗೋಡೆಗೆ ಬ್ಯಾಡ, ಬಣ್ಣ ನಿಲ್ಲಕಿಲ್ಲ. ಪಾಯಕ್ಕೆ ಮುಚ್ಚಿಬುಡ್ತೀನಿ.”

ಅವಳು ಹಾಗೇ ಮಾಡಿದಳು. ಮೂರು ದಿನ ಕೂತು ಕೆರೆದಳು. ಕೆಲವು ಇಟ್ಟಿಗೆಗಳ ಒಂದು ಬದಿ ಕಾಡಿಗೆಯಷ್ಟು ಕಪ್ಪಗಿತ್ತು, ಮಸಿ ಅಂಗೈಗೆ ಹತ್ತಿಕೊಳ್ಳುತ್ತಿತ್ತು. ಅವು ಯಾವ ಮನೆಯ ಒಲೆಯವೆಂದು ನೋಡಲು ಅವಳು ಹೋಗಲಿಲ್ಲ. ನಾಲ್ಕನೇ ದಿನ ಮಧ್ಯಾಹ್ನ ಚಿಕ್ಕಯ್ಯ ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದ.

“ಪಾಯಕ್ಕೆ ಇನ್ನೂ ನೂರು ಕಡಿಮೆ ಬೀಳ್ತದೆ ಕಮರವ್ವ. ಮಸೀ ಇಟ್ಟಿಗೆ ಮುಗ್ದೋಯ್ತು. ಒಳ್ಳೇವನ್ನ ಮಣ್ಣಿಗಾಕಕ್ಕೆ ಮನಸ್ಸು ಬರಕಿಲ್ಲ.”

ಪುಟ್ಟತಾಯಮ್ಮ ಮಚ್ಚನ್ನು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಲೈನಿನ ತುದಿಯಲ್ಲಿ ಕೆಡವದೆ ಉಳಿದಿದ್ದ ಗೋಡೆಯ ಕಡೆ ಕೈ ತೋರಿಸಿದಳು.

“ಅಲ್ಲಿ ಇನ್ನೂ ಅವೆ ಕನಪ್ಪ. ಆರನೇ ಮನೆ ಒಲೆ ಹಿಂದಿನ ಗೋಡೆ ಅಂಗೇ ನಿಂತದೆ. ನೂರಕ್ಕೆ ಮ್ಯಾಲೆ ಸಿಗ್ತವೆ, ಕೀಳ್ಸು.”